ಪಾರ್ಟ್ ಮೇಲೆ ಪಾರ್ಟ್ ಬರ್ತಾನೇ ಇದ್ರೆ ಸಿನಿಮಾ ಹಳಸದೆ ಉಳಿಯುತ್ತಾ?

ಬಾಂಡ್, ಮಾರ್ವೆಲ್, ಮಿಷನ್ ಇಂಪಾಸಿಬಲ್, ಗಾಡ್ಜಿಲ್ಲಾ ಥರ ವರ್ಷಗಟ್ಟಲೆ ನಡ್ಕೊಂಡು ಬರೋ ದೊಡ್ಡ ಸರಣಿಗಳಲ್ಲಿ ಹೊಸತನ ಉಳಿಯೋಕೆ ಸಾಧ್ಯನಾ ಅಂತ ನಮ್ಮಿಬ್ಬರ ಮಧ್ಯೆ ಫೋನಲ್ಲಿ ಜಗಳ ಆಗ್ತಾನೇ ಇರುತ್ತೆ, ಫೋನಲ್ಲಿ ಯಾರೂ ಪೂರ್ತಿ ಮಾತಾಡೋಕೆ ಬಿಡಲ್ಲ, ಅದಕ್ಕೇ ಬರೆದೇ ಬಿಡೋಣ ಅಂತಾಯ್ತು. ಪರ ಬರೆದಿರೋನು ಹಾಸನದಲ್ಲಿರೋ ತಮ್ಮ, ವಿರೋಧ ಬರೆದಿರೋಳು ಚಿಕ್ಕಮಗಳೂರಲ್ಲಿರೋ ಅಕ್ಕ.

ಪರ: ಉಳಿಯುತ್ತೆ, ಹಳೇದನ್ನ ಮುರಿಯೋ ಗಟ್ಟಿತನ ಬೇಕಷ್ಟೇ

ಅಕ್ಕನ ವಾದ ನಂಗೆ ಬಾಯಿಪಾಠ ಆಗೋಗಿದೆ. ಮೊದಲನೇ ಸಿನಿಮಾ ಕಥೆಗೆ, ಎರಡನೇದು ದುಡ್ಡಿಗೆ, ಮೂರನೇದರಿಂದ ಮುಂದಕ್ಕೆ ಬರೀ ಚಟಕ್ಕೆ ಅಂತಾಳೆ. ಕೇಳೋಕೆ ಮಜವಾಗಿದೆ, ಆದ್ರೆ ಒಂದೊಂದೇ ಸಿನಿಮಾ ಹೆಸರು ಹಿಡ್ಕೊಂಡು ನೋಡ್ತಾ ಹೋದ್ರೆ ಲೆಕ್ಕ ತಾಳೆ ಆಗಲ್ಲ.

ಬಾಂಡ್‌ನೇ ತಗೊಳ್ಳಿ. 1962ರಲ್ಲಿ ಡಾಕ್ಟರ್ ನೋ ಇಂದ ಶುರುವಾಗಿ 2002ಕ್ಕೆ ಇಪ್ಪತ್ತನೇ ಸಿನಿಮಾ ಡೈ ಅನದರ್ ಡೇ ಬಂತು, ಅದ್ರಲ್ಲಿ ಕಣ್ಣಿಗೇ ಕಾಣದಿರೋ ಕಾರು, ಐಸಲ್ಲಿ ಕಟ್ಟಿದ ಅರಮನೆ, ಕಂಪ್ಯೂಟರಲ್ಲಿ ಮಾಡಿದ್ದು ಅಂತ ದೂರದಿಂದಲೇ ಗೊತ್ತಾಗೋ ಅಲೆ ಮೇಲೆ ಹೀರೋ ತೇಲ್ಕೊಂಡು ಬರೋದು, ಅದನ್ನ ನೋಡಿದ ಯಾರೇ ಆದ್ರೂ ಇವರ ಅಂಗಡಿ ಬಾಗಿಲು ಹಾಕೋ ಟೈಮ್ ಬಂತು ಅಂತಾನೇ ಅಂದ್ಕೊಂಡಿರ್ತಾರೆ. ನಾಲ್ಕೇ ವರ್ಷ. 2006ರಲ್ಲಿ ಕ್ಯಾಸಿನೋ ರಾಯಲ್ ಬಂತು. ಶುರುವಿನ ಸೀನೇ ಕಪ್ಪು ಬಿಳುಪು, ಬಾತ್‌ರೂಮಲ್ಲಿ ಇಬ್ರು ಗುದ್ದಾಡ್ತಾರೆ, ಸ್ಟೈಲು ಗೀಲು ಏನಿಲ್ಲ, ಬರೀ ಏದುಸಿರು, ಕೊನೆಗೆ ಎದುರಿನವನ ತಲೆನ ಸಿಂಕಿನ ನೀರಲ್ಲಿ ಅದುಮಿ ಹಿಡ್ಕೋತಾನೆ. ಮುಂದೆ ಒಂದ್ಕಡೆ ಬಾರಲ್ಲಿ ಅವನು ಮಾರ್ಟಿನಿ ಕೇಳ್ತಾನೆ, ಬಾರಿನವನು ಶೇಕ್ ಮಾಡ್ಲಾ ಸ್ಟಿರ್ ಮಾಡ್ಲಾ ಅಂತಾನೆ, ಇವನು ಹೆಂಗಾದ್ರೂ ಮಾಡ್ಕೊಡಯ್ಯ ಅದರಿಂದ ನಂಗೇನು ಅನ್ನೋ ಥರ ಗದರಿಬಿಡ್ತಾನೆ. ಥಿಯೇಟರಲ್ಲಿ ಯಾಕೆ ನಗು ಬಂತು ಹೇಳಿ? ಹಿಂದೆ ಇಪ್ಪತ್ತು ಸಿನಿಮಾ ಇತ್ತಲ್ಲ, ಶೇಕ್ ಮಾಡಿದ್ದೇ ಬೇಕು ಸ್ಟಿರ್ ಬೇಡ ಅನ್ನೋದು ಬಾಂಡ್‌ನ ಹಳೇ ಡೈಲಾಗು, ಅದಕ್ಕೆ. ಮೊದಲನೇ ಸಿನಿಮಾದಲ್ಲೇ ಆ ಮಾತು ಇಟ್ಟಿದ್ರೆ ಅದು ಬರೀ ಒರಟು ಮಾತಾಗ್ತಿತ್ತು. ಅಂದ್ರೆ ಹಳೇದು ಇರೋದೇ ಹೊಸದಕ್ಕೆ ಬಂಡವಾಳ, ಮುರಿಯೋಕೆ ಏನಾದ್ರೂ ಇರಬೇಕಲ್ವಾ. ಹೊಸ ಬಾಂಡ್ ಆಗಿ ಡೇನಿಯಲ್ ಕ್ರೇಗ್‌ನ ಆರಿಸಿದಾಗ ಬಾಂಡ್ ಕೂದಲು ಹೊಂಬಣ್ಣ ಇರೋಕೆ ಸಾಧ್ಯನೇ ಇಲ್ಲ ಅಂತ ಫ್ಯಾನ್ಸೇ ಗಲಾಟೆ ಎಬ್ಬಿಸಿದ್ರು, ಆಮೇಲೆ ಅದೇ ಫ್ಯಾನ್ಸ್ ಅವನೇ ಬೆಸ್ಟ್ ಅಂತ ವಾದ ಮಾಡ್ಕೊಂಡು ತಿರುಗಿದ್ರು.

ಇನ್ನು ಏಲಿಯನ್. 1979ರಲ್ಲಿ ರಿಡ್ಲಿ ಸ್ಕಾಟ್ ಮಾಡಿದ್ದು ಹೆದರಿಸೋ ಸಿನಿಮಾ, ಒಂದೇ ಒಂದು ಪ್ರಾಣಿ, ಕತ್ತಲೆ ಹಡಗು, ಓಡೋಕೆ ಜಾಗ ಇಲ್ಲ. 1986ರಲ್ಲಿ ಜೇಮ್ಸ್ ಕ್ಯಾಮರಾನ್ ಕೈಗೆ ಬಂದಾಗ ಅವನು ಅದನ್ನೇ ಮತ್ತೆ ಮಾಡೋಕೆ ಹೋಗ್ಲೇ ಇಲ್ಲ, ಸೈನಿಕರನ್ನ ಕರ್ಕೊಂಡು ಬಂದು ಯುದ್ಧದ ಸಿನಿಮಾ ಮಾಡ್ದ. ಎರಡರಲ್ಲಿ ಯಾವುದು ಮೇಲು ಅಂತ ಇವತ್ತಿಗೂ ಜನ ಕಿತ್ತಾಡ್ತಾರೆ. ಮಿಷನ್ ಇಂಪಾಸಿಬಲ್ ಮೊದಲ ನಾಲ್ಕು ಸಿನಿಮಾಕ್ಕೆ ನಾಲ್ಕು ಜನ ಡೈರೆಕ್ಟರು, ಒಬ್ಬೊಬ್ರದ್ದು ಒಂದೊಂದು ದಾರಿ. 2011ರ ನಾಲ್ಕನೇದನ್ನ ಬ್ರಾಡ್ ಬರ್ಡ್‌ಗೆ ಕೊಟ್ರು, ಅವರು ಅಲ್ಲೀವರೆಗೂ ಮಾಡಿದ್ದೆಲ್ಲ ಅನಿಮೇಷನ್ ಸಿನಿಮಾ, ನಿಜವಾದ ನಟರನ್ನ ಇಟ್ಕೊಂಡು ಮಾಡಿದ ಮೊದಲ ಸಿನಿಮಾನೇ ಅದು. ಬುರ್ಜ್ ಖಲೀಫಾ ಗಾಜಿನ ಮೇಲೆ ಟಾಮ್ ಕ್ರೂಸ್ ಹತ್ತೋವಾಗ ಅಂಟೋ ಗ್ಲೌಸಲ್ಲಿ ಒಂದು ಕೈಕೊಡುತ್ತಲ್ಲ, ಆ ಗ್ಲೌಸ್ ನೀಲಿ ಲೈಟಿಂದ ಕೆಂಪಿಗೆ ತಿರುಗೋ ಒಂದು ಕ್ಷಣಕ್ಕೆ ಪಕ್ಕದ ಸೀಟಲ್ಲಿದ್ದ ಯಾರೋ ಯಜಮಾನ್ರು ನನ್ನ ಕೈ ಹಿಡ್ಕೊಂಡ್ಬಿಟ್ರು, ಪರಿಚಯನೂ ಇಲ್ಲ ಏನೂ ಇಲ್ಲ. ಹೊಸತನ ಅಂದ್ರೆ ನಂಗೆ ಇಷ್ಟೇ ಸಾಕು.

ಗಾಡ್ಜಿಲ್ಲಾ ಕಥೆ ಇದಕ್ಕಿಂತ ದೊಡ್ಡದು. 1954ರಲ್ಲಿ ಅಣುಬಾಂಬಿನ ಭಯದಿಂದ ಹುಟ್ಟಿದ ಪ್ರಾಣಿ ಅದು. ಆಮೇಲೆ ಮಕ್ಕಳ ಸಿನಿಮಾ ಆಯ್ತು, ಕುಸ್ತಿ ಆಯ್ತು, ಅಮೆರಿಕದವರು ಎತ್ಕೊಂಡು ಹೋಗಿ ಅವರ ಪಾಡಿಗೆ ಏನೇನೋ ಮಾಡಿದ್ರು. ಸುಮಾರು ಎಪ್ಪತ್ತು ವರ್ಷ ಆದ್ಮೇಲೆ 2023ರಲ್ಲಿ ತಕಾಶಿ ಯಮಝಾಕಿ ಅನ್ನೋರು ಗಾಡ್ಜಿಲ್ಲಾ ಮೈನಸ್ ಒನ್ ಮಾಡಿದ್ರು. ಯುದ್ಧ ಸೋತು ಸುಟ್ಟು ಬೂದಿಯಾದ ಜಪಾನ್, ಆತ್ಮಾಹುತಿ ದಾಳಿಗೆ ಹೊರಟು ಇಂಜಿನ್ ಕೆಟ್ಟಿದೆ ಅಂತ ಸುಳ್ಳು ಹೇಳಿ ಇಳಿದುಬಿಟ್ಟ ಪೈಲಟ್, ಬದುಕಿದ್ದಕ್ಕೇ ನಾಚಿಕೆ ಪಡೋ ಮನುಷ್ಯ ಅವನು. ಹಾಲಿವುಡ್ ಲೆಕ್ಕದಲ್ಲಿ ಚಿಲ್ಲರೆ ಅನ್ನೋ ಬಜೆಟ್ಟು, ಗ್ರಾಫಿಕ್ಸ್ ಟೀಮಲ್ಲಿ ಮೂವತ್ತೈದು ಜನರ ಆಸುಪಾಸು, 2024ರಲ್ಲಿ ವಿಷುಯಲ್ ಎಫೆಕ್ಟ್ಸ್‌ಗೆ ಆಸ್ಕರ್ ತಗೊಂಡೇ ಬಂತು. ಅಷ್ಟೊಂದು ಸಿನಿಮಾ ಆದ್ಮೇಲೆ ಅತ್ಯುತ್ತಮದ್ದು ಬಂದಿದ್ದು ಈಗ. ಇದನ್ನ ಹಳಸಿದ್ದು ಅನ್ನೋರಿಗೆ ನಾನೇನು ಹೇಳ್ಲಿ.

ಕನ್ನಡದವರಿಗಂತೂ ಇದು ಹೊಸ ವಿಷಯನೇ ಅಲ್ಲ. ರಾಮಾಯಣ ಬರೆಯೋ ಕವಿಗಳ ಭಾರಕ್ಕೆ ಆದಿಶೇಷನೇ ತಿಣುಕಿಬಿಟ್ಟ ಅಂತ ಕುಮಾರವ್ಯಾಸ ಹೇಳಿದ್ನಲ್ಲ, ಹೇಳಿ ಅವನು ಕೈಗೆತ್ಕೊಂಡಿದ್ದಾದ್ರೂ ಏನು, ಭಾರತ. ಅದೂ ಹೊಸ ಕಥೆಯೇನಲ್ಲ, ಅವನಿಗಿಂತ ಎಷ್ಟೋ ನೂರು ವರ್ಷ ಮುಂಚೆನೇ ಪಂಪ ಬರೆದು ಮುಗಿಸಿದ್ದ. ಆದ್ರೂ ಗದುಗಿನ ಭಾರತ ಓದೋವಾಗ ಇದು ಸೆಕೆಂಡ್ ಹ್ಯಾಂಡ್ ಮಾಲು ಅಂತ ಯಾರಿಗಾದ್ರೂ ಅನ್ಸುತ್ತಾ? ಆಮೇಲೆ ಅಕ್ಕ ಈಗ ಇರೋ ಜಿಲ್ಲೆಯವನೇ, ಕಡೂರು ತಾಲೂಕು ದೇವನೂರಿನ ಲಕ್ಷ್ಮೀಶ ಬಂದ. ದೊಡ್ಡ ಯುದ್ಧ ಎಲ್ಲಾ ಮುಗಿದೋಗಿದೆ, ಸ್ಟಾರ್‌ಗಳ ಕಥೆ ಎಲ್ಲಾ ಹಿಂದಿನವರು ಹೇಳಿಬಿಟ್ಟಿದಾರೆ, ಅವನು ಏನ್ ಮಾಡ್ದ, ಭಾಮಿನಿ ಬಿಟ್ಟು ವಾರ್ಧಕ ಷಟ್ಪದಿ ಹಿಡ್ಕೊಂಡು ಅಶ್ವಮೇಧದ ಕುದುರೆ ಹಿಂದೆ ಹೊರಟ, ಸುಧನ್ವ, ಬಭ್ರುವಾಹನ, ಚಂದ್ರಹಾಸ ಅಂತ ಪಕ್ಕದ ಪಾತ್ರಗಳನ್ನೆಲ್ಲ ಮುಂದಕ್ಕೆ ತಂದ. ಈಗಿನ ಭಾಷೇಲಿ ಸ್ಪಿನ್ ಆಫ್. ಗಮಕದವರು ಇವತ್ತಿಗೂ ಹಾಡ್ತಾರೆ, ಕೇಳೋರು ಕಣ್ಣೊರಸ್ಕೋತಾರೆ. ಅಕ್ಕನೇ ಒರಸ್ಕೊಂಡಿದಾಳೆ, ನಾನು ನೋಡಿದೀನಿ.

ಉದ್ದ ಇರೋದ್ರಿಂದ ಮಾತ್ರ ಸಿಗೋ ಸುಖ ಒಂದಿದೆ, ಅದನ್ನ ಈ ಸೀಕ್ವೆಲ್ ವಿರೋಧಿಗಳು ಲೆಕ್ಕಕ್ಕೇ ತಗೊಳ್ಳಲ್ಲ. ಮಾರ್ವೆಲ್‌ನ 2015ರ ಅವೆಂಜರ್ಸ್ ಸಿನಿಮಾದಲ್ಲಿ ಪಾರ್ಟಿ ಸೀನಲ್ಲಿ ಎಲ್ರೂ ಯೋಗ್ಯತೆ ಇರೋರ ಕೈಗೆ ಮಾತ್ರ ಏಳೋ ಥಾರ್ ಸುತ್ತಿಗೆ ಎತ್ತೋಕೆ ನೋಡ್ತಾರೆ, ಯಾರ ಕೈಲೂ ಆಗಲ್ಲ, ಕ್ಯಾಪ್ಟನ್ ಅಮೆರಿಕ ಕೈ ಹಾಕಿದಾಗ ಸುತ್ತಿಗೆ ಒಂಚೂರು ಅಲುಗುತ್ತೆ, ಥಾರ್ ಮುಖದ ನಗು ಒಂದು ಸೆಕೆಂಡ್ ಮಾಯ ಆಗುತ್ತೆ, ಅಷ್ಟೇ, ಯಾರೂ ಅದರ ಬಗ್ಗೆ ಮಾತಾಡಲ್ಲ. ನಾಲ್ಕು ವರ್ಷ ಬಿಟ್ಟು 2019ರ ಎಂಡ್‌ಗೇಮಲ್ಲಿ ಅವನು ಎತ್ತೇಬಿಡ್ತಾನೆ. ಇಲ್ಲಿ ಹಾಸನದಲ್ಲಿ ನಾವು ನೋಡಿದ ಶೋನಲ್ಲಿ ಇಂಜಿನಿಯರಿಂಗ್ ಹುಡುಗರು ಸೀಟ್ ಮೇಲೆ ಹತ್ತಿ ಕೂಗಿದ್ದಕ್ಕೆ ಮುಂದಿನ ಡೈಲಾಗ್ ಒಂದೂ ಕೇಳಿಸ್ಲಿಲ್ಲ, ಯಾರಿಗೂ ಬೇಕಾಗಿರ್ಲೂ ಇಲ್ಲ. ಎರಡೂವರೆ ಗಂಟೆ ಸಿನಿಮಾ ಎಷ್ಟೇ ಚೆನ್ನಾಗಿರ್ಲಿ, ನಾಲ್ಕು ವರ್ಷ ಕಾಯಿಸಿ ಕೊಡೋ ಈ ಖುಷಿ ಕೊಡೋಕಾಗಲ್ಲ.

ದುಡ್ಡಿನ ಮಾತಿಗೆ ಬಂದ್ರೂ ನನ್ನ ಕಡೆನೇ ನ್ಯಾಯ ಇದೆ. ಎಪ್ಪತ್ತರ ಹತ್ತಿರದ ಡೈರೆಕ್ಟರ್ ಜಾರ್ಜ್ ಮಿಲ್ಲರ್ ಹೋಗಿ, ಮರಳುಗಾಡಲ್ಲಿ ಎರಡು ಗಂಟೆ ಬರೀ ಲಾರಿ ಓಡಿಸ್ತೀನಿ, ಹೀರೋ ಜಾಸ್ತಿ ಮಾತಾಡಲ್ಲ, ಸ್ಟೇರಿಂಗು ಒಂದು ಕೈ ಇಲ್ಲದ ಹೆಂಗಸಿನ ಹತ್ರ ಇರುತ್ತೆ, ನೂರೈವತ್ತು ಮಿಲಿಯನ್ ಡಾಲರ್ ಕೊಡಿ ಅಂದ್ರೆ ಯಾವ ಸ್ಟುಡಿಯೋ ಕೊಡುತ್ತೆ? ಮ್ಯಾಡ್ ಮ್ಯಾಕ್ಸ್ ಅನ್ನೋ ಹೆಸರಿತ್ತು, ಕೊಟ್ರು. 2015ರಲ್ಲಿ ಫ್ಯೂರಿ ರೋಡ್ ಬಂತು, ಆರು ಆಸ್ಕರ್. ಹಳೇ ಹೆಸರಿನ ಬೆನ್ನ ಮೇಲೆ ಕೂತೇ ಇಂಥ ಹುಚ್ಚು ಪ್ರಯೋಗಗಳು ತೆರೆಗೆ ಬರೋದು. ನಮ್ಮಲ್ಲೂ ನೋಡಿ, ಕಾಂತಾರ ಗೆದ್ದ ಮೇಲೆ 2025ರಲ್ಲಿ ಕಥೆನ ಮುಂದಕ್ಕೆ ಎಳೆಯೋ ಬದಲು ನೂರಾರು ವರ್ಷ ಹಿಂದಕ್ಕೆ, ಕದಂಬರ ಕಾಲಕ್ಕೆ ತಗೊಂಡು ಹೋದ್ರು. ಅಷ್ಟು ದೊಡ್ಡ ಸೆಟ್ಟು, ಅಷ್ಟು ಜನ, ಮೊದಲನೇದು ಓಡದೇ ಇದ್ದಿದ್ರೆ ಯಾರು ಹಾಕ್ತಿದ್ರು ದುಡ್ಡು?

ಕೆಟ್ಟ ಸೀಕ್ವೆಲ್ ಇಲ್ವಾ ಅಂದ್ರೆ ರಾಶಿ ಇದೆ. ಕೆಟ್ಟ ಹೊಸ ಕಥೆಗಳೂ ರಾಶಿ ಇದೆ, ಪ್ರತಿ ಶುಕ್ರವಾರ ಬರ್ತಾವೆ, ಅವುಗಳ ಹೆಸರು ನೆನಪಿರಲ್ಲ ಅಂತ ಯಾರೂ ಬೈಯಲ್ಲ, ಅಷ್ಟೇ ವ್ಯತ್ಯಾಸ.

ವಿರೋಧ: ಹೆಸರು ಉಳಿಯುತ್ತೆ, ಹೊಸತನ ಅಲ್ಲ

ತಮ್ಮಂಗೆ ಉದಾಹರಣೆ ಆರಿಸೋ ಕಲೆ ಚೆನ್ನಾಗಿ ಗೊತ್ತು. ಆದ್ರೆ ಅವನ ಪಟ್ಟೀನೇ ಇನ್ನೊಂದ್ಸಲ ಓದಿ. ಕ್ಯಾಸಿನೋ ರಾಯಲ್ ಚೆನ್ನಾಗಿದ್ದಿದ್ದು ಹಿಂದಿನ ಇಪ್ಪತ್ತನ್ನೂ ಪಕ್ಕಕ್ಕಿಟ್ಟು ಮೊದಲಿಂದ ಶುರು ಮಾಡಿದ್ರಿಂದ. ಗಾಡ್ಜಿಲ್ಲಾ ಮೈನಸ್ ಒನ್‌ಗೂ ಅದಕ್ಕೂ ಮುಂಚಿನ ಯಾವ ಕಥೆಗೂ ಸಂಬಂಧ ಇಲ್ಲ. ಫ್ಯೂರಿ ರೋಡಲ್ಲಿ ಮ್ಯಾಕ್ಸ್ ಅನ್ನೋ ಹೆಸರು ತೆಗೆದು ಇನ್ನೊಂದು ಹೆಸರಿಟ್ರೂ ಸಿನಿಮಾಕ್ಕೆ ಏನೂ ಆಗಲ್ಲ, ನಿಜವಾದ ಹೀರೋ ಆ ಹೆಂಗಸೇ. ಅಂದ್ರೆ ಇವನು ಹೇಳ್ತಿರೋದು ಸರಣಿ ಹೊಸದಾಗಿ ಉಳೀತು ಅಂತಲ್ಲ, ಸರಣಿನ ಮರೆತಾಗ ಒಳ್ಳೇ ಸಿನಿಮಾ ಬಂತು ಅಂತ. ಅದಕ್ಕೆ ಸರಣಿಗ್ಯಾಕಪ್ಪ ಹಾರ ಹಾಕೋದು? ಆ ಹೊಸ ಸಿನಿಮಾಗಳು ಹಳೇ ಬೋರ್ಡ್ ತಗಲಾಕ್ಕೊಂಡು ಬಂದ್ವು, ಬೋರ್ಡ್ ಇಲ್ದೆ ಒಳಗೆ ಬಿಡ್ತಿರ್ಲಿಲ್ಲ ಅದಕ್ಕೆ. ಅದು ಸ್ಟುಡಿಯೋಗಳ ಅಂಜುಬುರುಕತನ, ಅದನ್ನೇ ಗುಣ ಅಂತ ಹೊಗಳೋದು ಯಾವ ನ್ಯಾಯ ಕಣೋ.

ಇನ್ನೊಂದು, ಈ ಉದಾಹರಣೆಗಳ ಮಧ್ಯದ ಗ್ಯಾಪ್ ನೋಡಿ. ಫ್ಯೂರಿ ರೋಡ್ ಬಂದಿದ್ದು ಅದರ ಹಿಂದಿನ ಮ್ಯಾಡ್ ಮ್ಯಾಕ್ಸ್ ಸಿನಿಮಾ 1985ರಲ್ಲಿ ಬಂದು ಮೂವತ್ತು ವರ್ಷಕ್ಕೆ. ಜಪಾನಿನವರು 2004ರಲ್ಲಿ ಗಾಡ್ಜಿಲ್ಲಾನ ಮಲಗಿಸಿ, ಮುಂದಿನ ಸಿನಿಮಾನ ಬಿಟ್ಟಿದ್ದು 2016ಕ್ಕೆ. ಟಾಪ್ ಗನ್ ಎರಡನೇದು ಮೂವತ್ತಾರು ವರ್ಷ ಆದ್ಮೇಲೆ ಬಂತು, ಎಲ್ರಿಗೂ ಇಷ್ಟ ಆಯ್ತು. ನೀನಿರೋ ಊರಲ್ಲೇ ನೋಡು, ಹಾಸನಾಂಬೆ ಗುಡಿ ಬಾಗಿಲು ವರ್ಷಕ್ಕೊಂದ್ಸಲ ದೀಪಾವಳಿ ಹೊತ್ತಿಗೆ ಕೆಲವೇ ದಿನ ತೆಗೀತಾರೆ, ಎಲ್ಲೆಲ್ಲಿಂದಲೋ ಜನ ಬಂದು ರಾತ್ರಿಯೆಲ್ಲ ಕ್ಯೂ ನಿಲ್ತಾರೆ, ದಿನಾ ತೆಗೆದಿದ್ರೆ ನೀನೇ ಬೈಕ್ ನಿಲ್ಲಿಸದೆ ಹೊರಗಿಂದ ಕೈಮುಗಿದು ಹೋಗ್ತಿದ್ದೆ. ಮಾರ್ವೆಲ್‌ನವರು ಎಂಡ್‌ಗೇಮ್ ಅಂತ ಹೆಸರಿಟ್ಟು ಇಪ್ಪತ್ತೆರಡನೇ ಸಿನಿಮಾ ಬಿಟ್ರು, ಜನ ಅತ್ತು ಕರೆದು ಮನೆಗೆ ಹೋದ್ರು, ಒಳ್ಳೇ ಮುಕ್ತಾಯ, ನಾನೂ ಒಪ್ತೀನಿ, ಸುತ್ತಿಗೆ ಸೀನೂ ಚೆನ್ನಾಗೇ ಇದೆ. ಮುಗೀತು ಅಂದ ಮೇಲೆ ಮುಗಿಸಬೇಕು ತಾನೇ? ಆ ವರ್ಷ ಮುಗಿಯೋಕೆ ಮುಂಚೆನೇ ಮುಂದಿನವುಗಳ ತಾರೀಖೆಲ್ಲ ಫಿಕ್ಸ್ ಮಾಡಿ ಸ್ಟೇಜ್ ಮೇಲೆ ಹೇಳಿಯಾಗಿತ್ತು. ಕಥೆ ಹುಟ್ಟೋಕೆ ಮುಂಚೆ ರಿಲೀಸ್ ಡೇಟ್ ಹುಟ್ಟೋ ಕಡೆ ಹೊಸತನ ಎಲ್ಲಿಂದ ಬರಬೇಕು.

ಅದರ ಫಲ ಏನಾಯ್ತು ಅಂತ ಹೇಳ್ತೀನಿ. 2023ರಲ್ಲಿ ದಿ ಮಾರ್ವೆಲ್ಸ್ ಬಂತು. ಎಸ್ಟೇಟಿಂದ ಚಿಕ್ಕಪ್ಪ ಬಂದಿದ್ರು, ಮಕ್ಕಳ ಹಠಕ್ಕೆ ಅವರನ್ನೂ ಕರ್ಕೊಂಡು ಹೋದ್ವಿ. ಮೂರು ಜನ ಹೀರೋಯಿನ್ನು. ಚಿಕ್ಕಪ್ಪ ಈ ಹುಡುಗಿ ಯಾರು ಅಂದ್ರು, ಅವಳದ್ದು ಬೇರೆ ಸೀರಿಯಲ್ ಇದೆ, ಓಟಿಟಿಲಿ ಬಂದಿತ್ತು ಅಂದೆ. ಆ ಇನ್ನೊಬ್ಬಳು ಗೋಡೆಯೊಳಗೆಲ್ಲ ನುಗ್ತಾಳಲ್ಲ ಅವಳಿಗೆ ಆ ಶಕ್ತಿ ಹೆಂಗ್ ಬಂತು ಅಂದ್ರು, ಅದು ಇನ್ನೊಂದು ಸೀರಿಯಲಲ್ಲಿ ಬಂತು ಅಂದೆ. ಇಂಟರ್ವಲ್‌ಗೆ ಪಾಪ್‌ಕಾರ್ನ್ ತರ್ತೀನಿ ಅಂತ ಹೋದೋರು ಹೊರಗೇ ನಿಂತು ಮೆಣಸಿನ ರೇಟ್ ಮಾತಾಡ್ಕೊಂಡಿದ್ರು, ಒಳಗೆ ಬರ್ಲೇ ಇಲ್ಲ. ಓದ್ಕೊಂಡು ಬಂದೋರಿಗೆ ಮಾತ್ರ ಅರ್ಥ ಆಗೋದು ಪರೀಕ್ಷೆ. ಮಾರ್ವೆಲ್ ಇತಿಹಾಸದಲ್ಲೇ ಕಡಿಮೆ ಕಲೆಕ್ಷನ್ ಅದರದ್ದು ಆಗಿದ್ದು ನಂಗಂತೂ ಆಶ್ಚರ್ಯ ಆಗ್ಲಿಲ್ಲ.

ಉದ್ದ ಆದಷ್ಟೂ ಇವರಿಗೆ ಸಾವು ಅನ್ನೋದು ತಮಾಷೆ ಆಗೋಗುತ್ತೆ, ನಂಗೆ ಜಾಸ್ತಿ ಸಿಟ್ಟು ಬರೋದು ಇದಕ್ಕೆ. ಫಾಸ್ಟ್ ಅಂಡ್ ಫ್ಯೂರಿಯಸ್ 2001ರಲ್ಲಿ ಲಾರಿ ಅಡ್ಡಗಟ್ಟಿ ಟೀವಿ ಡಿವಿಡಿ ಕದಿಯೋ ಹುಡುಗರ ಕಥೆ, ಪಾಪ ಚೆನ್ನಾಗೇ ಇತ್ತು, 2021ಕ್ಕೆ ಬರೋಷ್ಟರಲ್ಲಿ ಕಾರಿಗೆ ರಾಕೆಟ್ ಕಟ್ಟಿ ಆಕಾಶ ದಾಟಿಸಿದ್ರು, ಹೋಗ್ಲಿ ಬಿಡಿ ಅಂದ್ರೆ 2006ರ ಸಿನಿಮಾದಲ್ಲಿ ಸತ್ತಿದ್ದ ಹಾನ್ ಅನ್ನೋ ಪಾತ್ರನ ಈ 2021ರ ಸಿನಿಮಾದಲ್ಲಿ ಎಬ್ಬಿಸಿ ಕೂರಿಸಿದ್ರು. ಸ್ಟಾರ್ ವಾರ್ಸಲ್ಲಿ 1983ರಲ್ಲಿ ಪಾತಾಳಕ್ಕೆ ಬಿದ್ದು ಸತ್ತ ಚಕ್ರವರ್ತಿ 2019ರಲ್ಲಿ ಮತ್ತೆ ಹಾಜರು, ಹೆಂಗೆ ಬದುಕಿದ ಅನ್ನೋದಕ್ಕೆ ಸರಿಯಾಗಿ ಒಂದು ಮಾತಿಲ್ಲ. 2017ರ ಲೋಗನ್ ನೋಡಿ ಎಷ್ಟು ಜನ ಎದೆ ಭಾರ ಮಾಡ್ಕೊಂಡು ಬಂದ್ವಿ, ಒಬ್ಬ ಸೂಪರ್‌ಹೀರೋಗೆ ಅಂಥ ಸಾವು ಯಾರೂ ಕೊಟ್ಟಿರ್ಲಿಲ್ಲ, 2024ರಲ್ಲಿ ಬೇರೆ ಲೋಕದ ಇನ್ನೊಬ್ಬ ಲೋಗನ್ ಅಂತ ಅದೇ ನಟನ್ನ ಕರ್ಕೊಂಡು ಬಂದು, ಸತ್ತವನ ಮೂಳೆ ಅಗೆದು ಅದನ್ನೇ ಆಯುಧ ಮಾಡ್ಕೊಂಡು ಹೊಡೆದಾಡಿ ನಗಿಸಿದ್ರು. ನಾನೂ ನಕ್ಕೆ, ಸುಳ್ಳ್ಯಾಕೆ. ಆದ್ರೆ ಇನ್ಮೇಲೆ ಅವರ ಸಿನಿಮಾದಲ್ಲಿ ಯಾರು ಸತ್ರೂ ಕಣ್ಣೀರು ಬರಲ್ಲ.

ದುಡ್ಡು ಬಂತಲ್ಲ ಅಂದ್ರೆ, ಬಂತು. 2022ರ ಜುರಾಸಿಕ್ ವರ್ಲ್ಡ್ ಸಿನಿಮಾ ನೂರು ಕೋಟಿ ಡಾಲರ್ ದಾಟಿತು, ಅದರ ಒಂದು ಸೀನು ನೆನಪಿಸ್ಕೊಂಡು ಹೇಳಿ ನೋಡೋಣ. 1993ರದ್ದರಲ್ಲಿ ಲೋಟದ ನೀರು ನಡುಗೋದು ಎಲ್ರಿಗೂ ನೆನಪಿದೆ. ಸ್ಟಾರ್ ವಾರ್ಸನ್ನ ಡಿಸ್ನಿಯವರು 2012ರಲ್ಲಿ ಕೊಂಡ್ಕೊಂಡು 2015ರಲ್ಲಿ ಬಿಟ್ಟ ಮೊದಲ ಸಿನಿಮಾ ಇನ್ನೂರು ಕೋಟಿ ಡಾಲರ್ ಮಾಡ್ತು, ಕಥೆ ಏನಪ್ಪ ಅಂದ್ರೆ ಮರಳುಗಾಡಲ್ಲಿ ಒಂಟಿ ಮಗು, ಒಳಗೆ ಗುಟ್ಟಿಟ್ಕೊಂಡ ರೋಬೋ, ಗ್ರಹ ಸುಡೋ ದೊಡ್ಡ ಗುಂಡು, ಅದರ ವೀಕ್ ಪಾಯಿಂಟಿಗೆ ಹೊಡೆಯೋ ವಿಮಾನಗಳು. 1977ರದ್ದನ್ನೇ ಗುಂಡಿನ ಸೈಜ್ ಮಾತ್ರ ದೊಡ್ಡದು ಮಾಡಿ ಕೊಟ್ರು. ಹೊಸದೇನಾದ್ರೂ ಮಾಡೋಕೆ ಹೋದ ಮುಂದಿನ ಡೈರೆಕ್ಟರನ್ನ ಫ್ಯಾನ್ಸೇ ಹರಿದು ತಿಂದ್ರು. ತಮ್ಮ ಹೇಳೋ ಆ ಮುರಿಯೋ ಗಟ್ಟಿತನ ಯಾರಾದ್ರೂ ತೋರಿಸಿದ್ರೆ ಸಿಗೋ ಬಹುಮಾನ ಇದು, ಅದನ್ನ ನೋಡಿದ ಮೂರನೇ ಸಿನಿಮಾದವರು ಸತ್ತ ಚಕ್ರವರ್ತಿನ ಎಬ್ಬಿಸದೆ ಇನ್ನೇನ್ ಮಾಡ್ತಾರೆ. ಬಾಂಡೂ ಅಷ್ಟೇ, ಕ್ಯಾಸಿನೋ ರಾಯಲಲ್ಲಿ ಬಿಟ್ಟಿದ್ದನ್ನೆಲ್ಲ 2015ರ ಹೊತ್ತಿಗೆ ಒಂದೊಂದಾಗಿ ವಾಪಸ್ ತಂದು, ವಿಲನ್ನು ಬೇರೆ ಯಾರೂ ಅಲ್ಲ ಬಾಂಡ್‌ನ ಸಾಕಿದವರ ಮಗನೇ ಅಂತ ಸಂಬಂಧ ಕಟ್ಟಿದ್ರು, ಸಂಜೆ ಸೀರಿಯಲಲ್ಲೂ ಈಗ ಅಂಥ ಟ್ವಿಸ್ಟ್ ಇಡಲ್ಲ.

ಲಕ್ಷ್ಮೀಶನ ಮಾತಿಗೆ ಬರ್ತೀನಿ, ಯಾಕಂದ್ರೆ ಅವನನ್ನ ಎಳ್ಕೊಂಡು ಬಂದು ತಮ್ಮ ತುಂಬ ಬೀಗ್ತಿದಾನೆ. ಭಾರತ ಯಾರಪ್ಪನ ಆಸ್ತಿ? ಯಾರದ್ದೂ ಅಲ್ಲ. ಪಂಪ ಬರೆದ, ರನ್ನ ಬರೆದ, ಕುಮಾರವ್ಯಾಸ ಬರೆದ, ಲಕ್ಷ್ಮೀಶ ಬರೆದ, ಯಾರೂ ಯಾರ ಹತ್ರನೂ ರೈಟ್ಸ್ ಕೇಳೋ ಹಾಗಿರ್ಲಿಲ್ಲ, ಯಾರೂ ಅವರನ್ನ ಹೊಸ ಪಾತ್ರದ ಗೊಂಬೆ ಮಾರ್ಕೆಟಿಗೆ ಬಿಡಬೇಕು ಸ್ವಲ್ಪ ಜಾಸ್ತಿ ತೋರ್ಸಿ ಅಂತ ಕೂರಿಸ್ಕೊಂಡು ಹೇಳ್ತಿರ್ಲಿಲ್ಲ. ದುರ್ಯೋಧನನ ಮೇಲೂ ಮರುಕ ಬರೋ ಥರ ರನ್ನ ಕಥೆ ಹೇಳೋಕೆ ಹೊರಟಾಗ ತಡೆಯೋಕೆ ಲೀಗಲ್ ಡಿಪಾರ್ಟ್‌ಮೆಂಟ್ ಇರ್ಲಿಲ್ಲ. ಸ್ಟಾರ್ ವಾರ್ಸ್ ವಿಲನ್ ಡಾರ್ತ್ ವೇಡರ್ ಮೇಲೆ ನಮ್ಮೂರ ಹುಡುಗನೊಬ್ಬ ಅಂಥದ್ದೊಂದು ಸಿನಿಮಾ ಮಾಡಿ ಥಿಯೇಟರಿಗೆ ಬಿಡ್ಲಿ ನೋಡೋಣ, ನಾಳೆನೇ ನೋಟಿಸ್ ಬರುತ್ತೆ. ಕೈ ಬದಲಾಗದ ಕಥೆ ಹೆಂಗೆ ಹೊಸದಾಗುತ್ತೆ? ಮತ್ತೆ ಒಂದನ್ನ ತಮ್ಮ ಬೇಕಂತಲೇ ಬಿಟ್ಟಿದಾನೆ. ಕುಮಾರವ್ಯಾಸ ಹತ್ತು ಪರ್ವಕ್ಕೆ ನಿಲ್ಲಿಸ್ದ. ಮಿಕ್ಕಿದ್ದನ್ನ ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಬರೆದು ಪೂರ್ತಿ ಮಾಡ್ದ. ಗಮಕಕ್ಕೆ ಹೋಗೋರೇ, ತಿಮ್ಮಣ್ಣನ ಒಂದು ಪದ್ಯ ಹೇಳಿ.

ನಮ್ಮ ಸಿನಿಮಾದಲ್ಲಿ ನಿಲ್ಲಿಸೋದು ಗೊತ್ತಿದ್ದೋರು ಹಿಂದೆ ಇದ್ರು. ದೊರೈ ಭಗವಾನ್ ಜೋಡಿ ರಾಜ್‌ಕುಮಾರ್‌ನ ಸಿಐಡಿ 999 ಮಾಡಿ 1968ರಲ್ಲಿ ಜೇಡರ ಬಲೆ ತಂದ್ರು, ಮುಂದಿನ ವರ್ಷದೊಳಗೆ ಇನ್ನೆರಡು, ಆಮೇಲೆ 1978ರಲ್ಲಿ ಆಪರೇಷನ್ ಡೈಮಂಡ್ ರಾಕೆಟ್, ಅಲ್ಲಿಗೆ ಸಾಕು ಅಂತ ಬಿಟ್ರು. ಬೇಕಿದ್ರೆ ಇಪ್ಪತ್ತು ಮಾಡಬಹುದಿತ್ತು, ಜನ ನೋಡ್ತಿದ್ರು. ಅದು ಬಿಟ್ಟು 2006ರ ಮುಂಗಾರು ಮಳೆಗೆ 2016ರಲ್ಲಿ ಎರಡನೇ ಮಳೆ ತಂದ್ರಲ್ಲ, ಹೀರೋ ಅದೇ ಗಣೇಶ್, ಡೈರೆಕ್ಟರ್ ಬೇರೆ, ಸಕಲೇಶಪುರದ ಕಡೆ ಹೋದಾಗ ಇವತ್ತಿಗೂ ಜನ ಬಾಯಲ್ಲಿ ಗುನುಗೋದು ಮೊದಲನೇದರ ಹಾಡೇ. ಈಗಂತೂ ಕೆಜಿಎಫ್ ಎರಡನೇದು ಸಾವಿರ ಕೋಟಿ ದಾಟಿದ್ದೇ ದಾಟಿದ್ದು, ಕಥೆ ಒಂದೂವರೆ ಗಂಟೆಗೆ ಆಗೋಷ್ಟಿಲ್ಲದವರೂ ಕೊನೇಲಿ ಮುಂದುವರಿಯುವುದು ಅಂತ ಹಾಕ್ತಾರೆ, ಮುಂದುವರಿಯೋದು ಮಾತ್ರ ಇಲ್ಲ.

ಕೊನೇದಾಗಿ ಥಿಯೇಟರ್ ವಿಷಯ, ನಂಗೆ ಇದೇ ಮುಖ್ಯ. ಚಿಕ್ಕಮಗಳೂರಂಥ ಊರಲ್ಲಿ ಇರೋ ಸ್ಕ್ರೀನೇ ಬೆರಳೆಣಿಕೆ. ದೊಡ್ಡ ಸರಣಿದು ಬಂದ ವಾರ ಎಲ್ಲಾ ಆಟನೂ ಅದಕ್ಕೆ, ಹಿಂದಿನ ವಾರ ಬಂದ ಸಣ್ಣ ಕನ್ನಡ ಸಿನಿಮಾಕ್ಕೆ ಬೆಳಗ್ಗೆ ಹತ್ತೂವರೆ ಆಟ ಕೊಡ್ತಾರೆ, ಆ ಹೊತ್ತಿಗೆ ಕೆಲಸ ಇರೋ ಮನುಷ್ಯ ಯಾರು ಹೋಗ್ತಾನೆ, ಜನ ಬರ್ಲಿಲ್ಲ ಅಂತ ಶುಕ್ರವಾರ ತೆಗೀತಾರೆ. ನಿಜವಾದ ಹೊಸತನ ಅಲ್ಲಿತ್ತೋ ಏನೋ, ನೋಡೋಕೇ ಬಿಡ್ಲಿಲ್ಲ. 2025ರಲ್ಲಿ ಬಾಂಡ್ ಹಿಡಿತ ಹಳೇ ಕುಟುಂಬದಿಂದ ಅಮೆಜಾನ್ ಕೈಗೆ ಹೋಯ್ತು, ಮುಂದಿನದಕ್ಕೆ ಡೆನಿ ವಿಲನೂವ್ ಡೈರೆಕ್ಟರ್ ಅಂತ ಅನೌನ್ಸೂ ಆಯ್ತು, ತಮ್ಮ ಈಗಿಂದಲೇ ಕುಣೀತಿದಾನೆ. ಕುಣೀಲಿ. ಅದು ರಿಲೀಸ್ ಆದ ವಾರ ನಮ್ಮೂರಲ್ಲಿ ಯಾವ ಕನ್ನಡ ಸಿನಿಮಾದ ಸಂಜೆ ಆಟ ಹೋಯ್ತು ಅಂತ ಯಾರಾದ್ರೂ ಒಬ್ರು ನೋಡಿ ಅವನಿಗೆ ಹೇಳಿ.